‘ಕೊಲೆಸ್ಟ್ರಾಲ್ ಬರೀ ಸುಳ್ಳು’ ಎಂಬ ಫಾರ್ವರ್ಡ್: ಹುಟ್ಟುವ ಮೊದಲೇ ಎತ್ತಿದ ಚೀಟಿ ಏನು ಹೇಳುತ್ತದೆ?

ಕಳೆದ ತಿಂಗಳು ಸಿಂದಗಿಯಿಂದ ನಮ್ಮ ಕಾಕಾ ಒಂದು ವಾಟ್ಸಾಪ್ ಫಾರ್ವರ್ಡ್ ಕಳಿಸಿದರು. ಕೆಳಗೆ ಅವರದೇ ಒಂದು ಸಾಲು: “ಯವ್ವಾ, ಇದು ಖರೇ ಐತೇನು? ಗುಳಗಿ ಬಿಟ್ಟುಬಿಡ್ಲೇನು?” ಕಾಕಾ ಮೂರು ವರ್ಷದಿಂದ ಕೊಲೆಸ್ಟ್ರಾಲ್ ಗುಳಿಗೆ ನುಂಗುತ್ತಿದ್ದಾರೆ. ಫಾರ್ವರ್ಡ್‌ನಲ್ಲಿ ಇದ್ದದ್ದು ಇಷ್ಟು: ಕೊಲೆಸ್ಟ್ರಾಲ್ ಅನ್ನುವುದೇ ಔಷಧ ಕಂಪನಿಗಳು ಹುಟ್ಟಿಸಿದ ಭಯ, ಹೃದಯಾಘಾತಕ್ಕೂ ಅದಕ್ಕೂ ಸಂಬಂಧವಿಲ್ಲ, ಅಮೆರಿಕ ಸರ್ಕಾರವೇ ಈಗ ತಪ್ಪು ಒಪ್ಪಿಕೊಂಡಿದೆ. ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ನೆಂಟರ ಗ್ರೂಪುಗಳಲ್ಲೂ ಇದೇ ಸಂದೇಶ ಸ್ವಲ್ಪ ಹೆಚ್ಚುಕಡಿಮೆ ಪದಗಳಲ್ಲಿ ಸುತ್ತುತ್ತಿದೆ.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಹೇಳಿಕೆ ತಪ್ಪು. ಡಾಕ್ಟರನ್ನು ಕೇಳದೆ ಗುಳಿಗೆ ನಿಲ್ಲಿಸಬೇಡಿ. ಆದರೆ ಕಾಕಾ ಅಷ್ಟಕ್ಕೇ ಬಿಡುವವರಲ್ಲ. “ಅದ ಕಾರಣ ಅಂತ ನಿಮಗ ಹ್ಯಾಂಗ ಗೊತ್ತಾತು?” ಎಂದು ಮತ್ತೆ ಕೇಳಿದರು. ಇದು ಒಳ್ಳೆಯ ಪ್ರಶ್ನೆ. ಇದಕ್ಕೆ ವಿಜ್ಞಾನಿಗಳು ಕಂಡುಕೊಂಡ ಒಂದು ಉತ್ತರ ನಮ್ಮ ಜೀನುಗಳಲ್ಲಿ, ಅಂದರೆ ವಂಶವಾಹಿಗಳಲ್ಲಿ ಇದೆ. ಈ ಲೇಖನ ಅದರ ಬಗ್ಗೆ.

ಫಾರ್ವರ್ಡ್‌ನಲ್ಲಿ ನಿಜ ಎಷ್ಟು?

ಒಂದು ಎಳೆ ನಿಜ. 2015ರಲ್ಲಿ ಅಮೆರಿಕದ ಆಹಾರ ಮಾರ್ಗಸೂಚಿಗೆ ಸಲಹೆ ಕೊಡುವ ತಜ್ಞರ ಸಮಿತಿ, ದಿನಕ್ಕೆ 300 ಮಿಲಿಗ್ರಾಂಗಿಂತ ಹೆಚ್ಚು ಕೊಲೆಸ್ಟ್ರಾಲ್ ತಿನ್ನಬಾರದು ಎಂಬ ಹಳೆಯ ಮಿತಿಯನ್ನು ಕೈಬಿಟ್ಟಿತು. ಅದು ತಟ್ಟೆಯಲ್ಲಿರುವ ಕೊಲೆಸ್ಟ್ರಾಲ್ ಬಗ್ಗೆ, ಮುಖ್ಯವಾಗಿ ತತ್ತಿಯಂಥ ಆಹಾರದ ಬಗ್ಗೆ ಬಂದ ಮಾತು. ರಕ್ತದಲ್ಲಿರುವ ಕೊಲೆಸ್ಟ್ರಾಲ್ ನಿರಪಾಯ ಎಂದು ಆ ಸಮಿತಿ ಎಲ್ಲೂ ಹೇಳಿಲ್ಲ. ತುಪ್ಪ, ಬೆಣ್ಣೆಯಲ್ಲಿರುವಂಥ ಗಟ್ಟಿ ಕೊಬ್ಬಿಗೆ ಮಿತಿ ಇರಲಿ ಎಂದು ಅದೇ ವರದಿ ಹೇಳಿತ್ತು. ಫಾರ್ವರ್ಡ್ ಮಾಡಿದವರು ತಟ್ಟೆಯ ಮಾತನ್ನು ಎತ್ತಿ ರಕ್ತಕ್ಕೆ ಅಂಟಿಸಿದ್ದಾರೆ.

ಆದರೂ ಕಾಕಾನ ಪ್ರಶ್ನೆ ಹಾಗೇ ಉಳಿಯುತ್ತದೆ. ಹೃದಯಾಘಾತ ಆದವರ ರಕ್ತದಲ್ಲಿ ಎಲ್‌ಡಿಎಲ್ ಎಂಬ ಕೊಲೆಸ್ಟ್ರಾಲ್ ಹೆಚ್ಚಿರುತ್ತದೆ, ಸರಿ. ಹೆಚ್ಚಿದ್ದ ಮಾತ್ರಕ್ಕೆ ಅದೇ ತಪ್ಪಿತಸ್ಥ ಎನ್ನಬಹುದೇ? ಕಳ್ಳತನ ಆದ ಮನೆಯ ಮುಂದೆ ನಿಂತಿದ್ದವನೆಲ್ಲ ಕಳ್ಳನಾಗುವುದಿಲ್ಲ.

ಜೋಳದ ರೊಟ್ಟಿಯ ಲೆಕ್ಕ

ನಮ್ಮ ಕಡೆಯ ಇನ್ನೊಂದು ಜನಪ್ರಿಯ ಮಾತು ತೆಗೆದುಕೊಳ್ಳೋಣ: ‘ಜೋಳದ ರೊಟ್ಟಿ ತಿಂದವರಿಗೆ ಶುಗರ್ ಬರೋದಿಲ್ಲ.’ ಇದನ್ನು ಪರೀಕ್ಷಿಸಲು ನಾಲ್ಕೂ ತಾಲ್ಲೂಕುಗಳ ಹಳ್ಳಿ, ಪಟ್ಟಣಗಳಲ್ಲಿ ಸಮೀಕ್ಷೆ ಮಾಡಿದೆವು ಎಂದುಕೊಳ್ಳಿ. ದಿನಾ ರೊಟ್ಟಿ ತಿನ್ನುವವರಲ್ಲಿ ಶುಗರ್ ಕಡಿಮೆ ಎಂದು ಲೆಕ್ಕ ಬಂತು ಎಂದೂ ಊಹಿಸಿ. ‘ಸಂಶೋಧನೆಯಿಂದ ಸಾಬೀತು’ ಎಂದು ಸಂಜೆಯೊಳಗೆ ಫಾರ್ವರ್ಡ್ ಸಿದ್ಧವಾಗುತ್ತದೆ.

ಆದರೆ ಎರಡು ಹೊತ್ತು ರೊಟ್ಟಿ ತಿನ್ನುವವರು ಯಾರು? ಹೊಲದಲ್ಲಿ ಕಳೆ ತೆಗೆಯುವವರು, ತೊಗರಿ ಕೊಯ್ಯುವವರು, ದಿನಕ್ಕೆ ನಾಲ್ಕಾರು ಕಿಲೋಮೀಟರ್ ನಡೆಯುವವರು ಅವರಲ್ಲಿ ಹೆಚ್ಚು. ಅನ್ನ, ಬೇಕರಿ ತಿಂಡಿ ಹೆಚ್ಚು ತಿನ್ನುವವರಲ್ಲಿ ಅಂಗಡಿ, ಆಫೀಸುಗಳಲ್ಲಿ ಕುಳಿತು ಕೆಲಸ ಮಾಡುವವರು ಹೆಚ್ಚು ಇರಬಹುದು. ಹಾಗಾದರೆ ಶುಗರ್ ತಡೆದದ್ದು ರೊಟ್ಟಿಯೋ ದುಡಿಮೆಯೋ? ಸಮೀಕ್ಷೆ ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿಕೊಡುತ್ತದೆ, ಬಿಡಿಸಿ ಕೊಡುವುದಿಲ್ಲ.

ಈಗ ಅದೇ ಸಮೀಕ್ಷೆಯಲ್ಲಿ ಉಲ್ಟಾ ಫಲಿತಾಂಶ ಬಂತು ಎನ್ನಿ: ರೊಟ್ಟಿ ತಿನ್ನುವವರಲ್ಲೇ ಶುಗರ್ ಜಾಸ್ತಿ. ಅದೂ ಸಾಧ್ಯ. ಶುಗರ್ ಬಂದ ಮೇಲೆ ‘ಅನ್ನ ಬಿಡಿ, ರೊಟ್ಟಿ ತಿನ್ನಿ’ ಎಂಬ ಸಲಹೆ ಸಿಕ್ಕಿ ಎಷ್ಟೋ ಮಂದಿ ರೊಟ್ಟಿಗೆ ಮರಳುತ್ತಾರೆ. ಇಲ್ಲಿ ಕಾಯಿಲೆ ಮೊದಲು ಬಂತು, ರೊಟ್ಟಿ ಆಮೇಲೆ ಬಂತು. ಲೆಕ್ಕದ ಹಾಳೆಯಲ್ಲಿ ಮಾತ್ರ ರೊಟ್ಟಿಯೇ ಕಾಯಿಲೆ ತಂದಂತೆ ಕಾಣುತ್ತದೆ.

‘ಅಧ್ಯಯನ ಹೇಳಿದೆ’ ಎಂದು ಶುರುವಾಗುವ ಬಹುಪಾಲು ಆರೋಗ್ಯ ಸುದ್ದಿಗಳು ಎಡವುವುದು ಈ ಎರಡು ಗುಂಡಿಗಳಲ್ಲೇ.

ಚೀಟಿ ಎತ್ತಿ ನೋಡುವುದು

ಗುಂಡಿ ದಾಟಲು ವೈದ್ಯವಿಜ್ಞಾನಕ್ಕೆ ಗೊತ್ತಿರುವ ಒಳ್ಳೆಯ ದಾರಿ ಚೀಟಿ ಎತ್ತುವುದು. ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಇಬ್ಬರಿಗೂ ಸಮ ಮತ ಬಿದ್ದರೆ ಚೀಟಿ ಎತ್ತುತ್ತಾರಲ್ಲ, ಹಾಗೆಯೇ. ಸಾವಿರಾರು ಜನರನ್ನು ಚೀಟಿ ಎತ್ತಿ ಎರಡು ಗುಂಪು ಮಾಡುತ್ತಾರೆ. ಒಂದು ಗುಂಪಿಗೆ ಔಷಧ, ಇನ್ನೊಂದಕ್ಕೆ ಅದರಂತೆಯೇ ಕಾಣುವ ಖಾಲಿ ಗುಳಿಗೆ. ಚೀಟಿಗೆ ಯಾರು ಹೊಲದವರು, ಯಾರು ಅಂಗಡಿಯವರು ಎಂದು ಗೊತ್ತಿಲ್ಲ. ಹಾಗಾಗಿ ಎರಡೂ ಗುಂಪುಗಳಲ್ಲಿ ಎಲ್ಲ ಬಗೆಯವರೂ ಹೆಚ್ಚುಕಡಿಮೆ ಸಮವಾಗಿ ಬೀಳುತ್ತಾರೆ. ಕೊನೆಗೆ ಕಾಣುವ ವ್ಯತ್ಯಾಸಕ್ಕೆ ಗುಳಿಗೆಯೇ ಕಾರಣ ಎನ್ನಬಹುದು.

ಈ ವಿಧಾನ ಎಷ್ಟೋ ನಂಬಿಕೆಗಳನ್ನು ತಲೆಕೆಳಗು ಮಾಡಿದೆ. ಕ್ಯಾರೆಟ್‌ನಂಥ ತರಕಾರಿಗಳಲ್ಲಿರುವ ಬೀಟಾ ಕ್ಯಾರೋಟಿನ್ ರಕ್ತದಲ್ಲಿ ಹೆಚ್ಚಿದ್ದವರಿಗೆ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಎಂದು ಸಮೀಕ್ಷೆಗಳು ಹೇಳುತ್ತಿದ್ದವು. ಫಿನ್ಲೆಂಡಿನಲ್ಲಿ 29,133 ಮಂದಿ ಸಿಗರೇಟ್ ಸೇದುವ ಗಂಡಸರ ಮೇಲೆ ಚೀಟಿ ಪ್ರಯೋಗ ನಡೆಯಿತು. 1994ರಲ್ಲಿ ಫಲಿತಾಂಶ ಬಂದಾಗ, ಬೀಟಾ ಕ್ಯಾರೋಟಿನ್ ಗುಳಿಗೆ ತಿಂದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ 18ರಷ್ಟು ಹೆಚ್ಚಾಗಿತ್ತು. ತರಕಾರಿ ತಿನ್ನುವವರ ಬದುಕಿನಲ್ಲಿದ್ದ ಬೇರೇನೋ ಅವರನ್ನು ಕಾಪಾಡಿತ್ತು. ಶ್ರೇಯಸ್ಸು ಮಾತ್ರ ಬೀಟಾ ಕ್ಯಾರೋಟಿನ್‌ಗೆ ಸಿಕ್ಕಿತ್ತು.

ತೊಂದರೆ ಏನೆಂದರೆ, ಎಲ್ಲಕ್ಕೂ ಚೀಟಿ ಎತ್ತಲು ಆಗುವುದಿಲ್ಲ. ‘ನೀವು ಮೂವತ್ತು ವರ್ಷ ದಿನಾ ಕುಡಿಯಿರಿ, ನೀವು ಮುಟ್ಟಬೇಡಿ’ ಎಂದು ಯಾರಿಗೂ ಹೇಳಲಾಗದು. ಗರ್ಭಿಣಿಗೆ ಬೇಕೆಂದೇ ಪೋಷಕಾಂಶ ತಪ್ಪಿಸಿ ಮಗುವಿಗೆ ಏನಾಗುತ್ತದೆ ನೋಡೋಣ ಎನ್ನುವುದಂತೂ ಪಾಪ.

ಹುಟ್ಟುವ ಮೊದಲೇ ಎತ್ತಿದ ಚೀಟಿ

ಆದರೆ ಒಂದು ಚೀಟಿಯನ್ನು ಪ್ರಕೃತಿಯೇ ಎತ್ತಿರುತ್ತದೆ. ನಮ್ಮ ಬಹುತೇಕ ಜೀನುಗಳು ಜೋಡಿಯಾಗಿರುತ್ತವೆ. ಒಂದು ತಾಯಿಯಿಂದ ಬಂದದ್ದು, ಒಂದು ತಂದೆಯಿಂದ ಬಂದದ್ದು. ತಾಯಿಯಲ್ಲೂ ಒಂದು ಜೋಡಿ ಇದೆ, ಅದರಲ್ಲಿ ಯಾವುದು ಮಗುವಿಗೆ ಹೋಗುತ್ತದೆ ಎಂಬುದು ಚೀಟಿ ಎತ್ತಿದಂತೆ. ತಂದೆಯ ಕಡೆಯೂ ಹಾಗೆಯೇ. ಇದನ್ನು ಬಟಾಣಿ ಗಿಡಗಳಲ್ಲಿ ಕಂಡು 1865ರಲ್ಲಿ ಭಾಷಣ ಮಾಡಿದವರು, 1866ರಲ್ಲಿ ಪ್ರಕಟಿಸಿದವರು ಗ್ರೆಗರ್ ಮೆಂಡೆಲ್ ಎಂಬ ಪಾದ್ರಿ. ಶಾಲೆಯಲ್ಲಿ ಎತ್ತರದ ಗಿಡ, ಕುಳ್ಳ ಗಿಡ ಎಂದು ಬಾಯಿಪಾಠ ಮಾಡಿದ್ದು ಇದೇ.

ಈಗ ಒಂದು ಜೀನಿನ ಒಂದು ಬಗೆ ಇರುವವರಿಗೆ ಹುಟ್ಟಿನಿಂದಲೇ ಎಲ್‌ಡಿಎಲ್ ಸ್ವಲ್ಪ ಕಡಿಮೆ ಇರುತ್ತದೆ ಎಂದುಕೊಳ್ಳಿ. ಆ ಚೀಟಿ ಬಿದ್ದಾಗ ಮಗು ರೊಟ್ಟಿ ತಿಂದಿರಲಿಲ್ಲ, ಬೀಡಿ ಸೇದಿರಲಿಲ್ಲ, ಹೊಲಕ್ಕೆ ಹೋಗಿರಲಿಲ್ಲ. ಆದ್ದರಿಂದ ಆ ಬಗೆ ಇರುವವರನ್ನೂ ಇಲ್ಲದವರನ್ನೂ ಹೋಲಿಸಿದರೆ ರೊಟ್ಟಿ ಮತ್ತು ದುಡಿಮೆ ಕಲಸಿಹೋಗುವ ಗೊಂದಲ ಬಹಳ ಕಡಿಮೆ. ಮುಂದೆ ಕಾಯಿಲೆ ಬಂದರೂ ಅದು ಹಿಂದೆ ಹೋಗಿ ಹುಟ್ಟುಗುಣವನ್ನು ಬದಲಿಸಲಾರದು, ಹೀಗಾಗಿ ಉಲ್ಟಾ ಲೆಕ್ಕದ ಭಯವೂ ಇಲ್ಲ. ಎಲ್‌ಡಿಎಲ್ ನಿಜಕ್ಕೂ ಹೃದಯಾಘಾತಕ್ಕೆ ಕಾರಣವಾದರೆ ಈ ಬಗೆ ಇರುವವರಿಗೆ ಹೃದಯಾಘಾತ ಕಡಿಮೆ ಆಗಬೇಕು. ಎಲ್‌ಡಿಎಲ್ ಬರೀ ದಾರಿಹೋಕನಾಗಿದ್ದರೆ ಯಾವ ವ್ಯತ್ಯಾಸವೂ ಕಾಣಬಾರದು.

ಈ ವಿಧಾನದ ಹೆಸರು ಮೆಂಡೇಲಿಯನ್ ರ‍್ಯಾಂಡಮೈಸೇಶನ್. ನಾನು ಇಲ್ಲಿ ‘ಮೆಂಡೆಲ್ ಚೀಟಿ’ ಎನ್ನುತ್ತೇನೆ, ಕಾಕಾನಿಗೂ ಹಾಗೇ ಹೇಳಿದ್ದು.

ತಮಾಷೆಯೆಂದರೆ ಈ ಉಪಾಯದ ಮೊದಲ ರೂಪ ಹೊಳೆದದ್ದೂ ಕೊಲೆಸ್ಟ್ರಾಲ್ ಕುರಿತ ಒಂದು ಭಯದಿಂದಲೇ. 1980ರ ದಶಕದಲ್ಲಿ ಕೊಲೆಸ್ಟ್ರಾಲ್ ಕಡಿಮೆ ಇರುವವರಲ್ಲಿ ಕ್ಯಾನ್ಸರ್ ಹೆಚ್ಚು ಎಂದು ಕೆಲವು ಅಧ್ಯಯನಗಳು ಹೇಳಿದವು. ಹಾಗಾದರೆ ಕೊಲೆಸ್ಟ್ರಾಲ್ ಇಳಿಸುವುದೇ ಅಪಾಯವೇ? ಅಥವಾ ಇನ್ನೂ ಪತ್ತೆಯಾಗದ ಕ್ಯಾನ್ಸರ್ ಒಳಗೊಳಗೇ ಕೊಲೆಸ್ಟ್ರಾಲನ್ನು ಇಳಿಸುತ್ತಿದೆಯೇ? 1986ರಲ್ಲಿ ಡಚ್ ವಿಜ್ಞಾನಿ ಮಾರ್ಟೈನ್ ಕಾಟಾನ್ ‘ದಿ ಲ್ಯಾನ್ಸೆಟ್’ ಪತ್ರಿಕೆಗೆ ಒಂದು ಚಿಕ್ಕ ಪತ್ರ ಬರೆದರು: ಅಪೊ-ಇ ಎಂಬ ಜೀನಿನ ಒಂದು ಬಗೆ ಇರುವವರಿಗೆ ಜೀವನಪೂರ್ತಿ ಕೊಲೆಸ್ಟ್ರಾಲ್ ಕಡಿಮೆ, ಕ್ಯಾನ್ಸರ್ ರೋಗಿಗಳಲ್ಲಿ ಅಂಥವರು ಹೆಚ್ಚಿದ್ದಾರೆಯೇ ನೋಡಿ. ನಂತರ ಹಾಗೆ ಪರೀಕ್ಷಿಸಿದವರಿಗೆ ಆ ಭಯಕ್ಕೆ ಆಧಾರ ಸಿಗಲಿಲ್ಲ. 2003ರಲ್ಲಿ ಬ್ರಿಟನ್ನಿನ ಜಾರ್ಜ್ ಡೇವಿ ಸ್ಮಿತ್ ಮತ್ತು ಶಾ ಇಬ್ರಾಹಿಂ ಬರೆದ ದೀರ್ಘ ಲೇಖನದಿಂದ ವಿಧಾನಕ್ಕೆ ಪೂರ್ಣ ರೂಪ ಬಂತು.

ಎಲ್‌ಡಿಎಲ್ ಸಿಕ್ಕಿಬಿದ್ದದ್ದು, ಎಚ್‌ಡಿಎಲ್ ಬಿಡುಗಡೆಯಾದದ್ದು

ಕಾಕಾನಿಗೆ ನೇರ ಉತ್ತರ ಕೊಡುವ ಅಧ್ಯಯನ 2006ರದು. ಪಿಸಿಎಸ್‌ಕೆ9 ಎಂಬ ಜೀನು ರಕ್ತದಿಂದ ಎಲ್‌ಡಿಎಲ್ ತೆಗೆಯುವ ಕೆಲಸಕ್ಕೆ ಅಡ್ಡಗಾಲು ಹಾಕುತ್ತದೆ. ಕೆಲವರಲ್ಲಿ ಹುಟ್ಟಿನಿಂದಲೇ ಈ ಜೀನಿನ ಒಂದು ಪ್ರತಿ ಕೆಟ್ಟಿರುತ್ತದೆ. ಅಡ್ಡಗಾಲೇ ದುರ್ಬಲವಾದ್ದರಿಂದ ಅವರ ಎಲ್‌ಡಿಎಲ್ ಕಡಿಮೆ. ಅಮೆರಿಕದ ಡಲ್ಲಾಸ್‌ನ ಜೊನಾಥನ್ ಕೋಹೆನ್, ಹೆಲೆನ್ ಹಾಬ್ಸ್ ಮತ್ತು ಸಂಗಡಿಗರು ಹದಿನೈದು ವರ್ಷ ನಿಗಾದಲ್ಲಿದ್ದ ಜನರ ದಾಖಲೆ ತೆಗೆದು ನೋಡಿದರು. ಅಲ್ಲಿನ ಕಪ್ಪು ಜನರಲ್ಲಿ ಸುಮಾರು ಶೇ 2.6 ಮಂದಿಗೆ ಇಂಥ ಜೀನ್ ಇತ್ತು. ಅವರ ಎಲ್‌ಡಿಎಲ್ ಉಳಿದವರಿಗಿಂತ ಶೇ 28 ಕಡಿಮೆ. ಹೃದಯದ ರಕ್ತನಾಳದ ಕಾಯಿಲೆಯ ಅಪಾಯ ಶೇ 88 ಕಡಿಮೆ!

ಶೇ 28 ಇಳಿಕೆಗೆ ಇಷ್ಟು ದೊಡ್ಡ ಲಾಭವೇ ಎಂದು ಅನುಮಾನ ಬರಬಹುದು. ಇವರಿಗೆ ಎಲ್‌ಡಿಎಲ್ ಕಡಿಮೆಯಾದದ್ದು ಐವತ್ತನೇ ವಯಸ್ಸಿನಲ್ಲಿ ಗುಳಿಗೆ ಶುರು ಮಾಡಿದಾಗ ಅಲ್ಲ, ತೊಟ್ಟಿಲಿನಿಂದಲೇ. ನಾಳದ ಗೋಡೆಗೆ ಕೊಬ್ಬು ಮೆತ್ತಿಕೊಳ್ಳುವುದು ದಶಕಗಳ ಕೆಲಸ, ನೀರಿನ ಪೈಪಿನಲ್ಲಿ ಸುಣ್ಣ ಕಟ್ಟಿದಂತೆ. ಜೀನ್ ತೋರಿಸುವುದು ಜೀವಮಾನದ ಲೆಕ್ಕ, ಗುಳಿಗೆ ತೋರಿಸುವುದು ನಾಲ್ಕೈದು ವರ್ಷದ ಲೆಕ್ಕ.

ಗುಳಿಗೆಯ ಲೆಕ್ಕವೂ ಚಿಕ್ಕದಲ್ಲ. ಹೃದ್ರೋಗವಿದ್ದ 4,444 ಮಂದಿಯ ಮೇಲೆ ಸ್ಕ್ಯಾಂಡಿನೇವಿಯಾದ ದೇಶಗಳಲ್ಲಿ ನಡೆದ, 1994ರಲ್ಲಿ ಪ್ರಕಟವಾದ ಚೀಟಿ ಪ್ರಯೋಗದಲ್ಲಿ ಸ್ಟ್ಯಾಟಿನ್ ಗುಳಿಗೆ ತಿಂದವರಲ್ಲಿ ಸಾವು ಶೇ 30ರಷ್ಟು ಕಡಿಮೆಯಾಗಿತ್ತು. ‘ಸ್ಟ್ಯಾಟಿನ್ ಬೇರೆ ಯಾವುದೋ ದಾರಿಯಿಂದ ಕೆಲಸ ಮಾಡಿರಬಹುದು, ಎಲ್‌ಡಿಎಲ್ ನೆಪ ಮಾತ್ರ’ ಎಂದು ವಾದಿಸುವವರಿದ್ದರು. ಇಲ್ಲಿ ಜೀನುಗಳು ಮತ್ತೆ ನೆರವಿಗೆ ಬಂದವು. ಸ್ಟ್ಯಾಟಿನ್ ತಡೆಯುವ ಜೀನು ಬೇರೆ, ಎಜೆಟಿಮೈಬ್ ಎಂಬ ಇನ್ನೊಂದು ಔಷಧ ತಡೆಯುವ ಜೀನು ಬೇರೆ, ಪಿಸಿಎಸ್‌ಕೆ9 ಬೇರೆ. ಮೂರರಲ್ಲೂ ಎಲ್‌ಡಿಎಲ್ ಇಳಿಸುವ ಬಗೆ ಹುಟ್ಟಿನಿಂದ ಬಂದವರಿಗೆ ಹೃದ್ರೋಗ ಕಡಿಮೆ, ಎಲ್‌ಡಿಎಲ್ ಎಷ್ಟು ಇಳಿದಿದೆಯೋ ಆ ಅಳತೆಗೆ ತಕ್ಕಂತೆ. ಮೂರು ದಾರಿಗಳು ಕೂಡುವ ಸರ್ಕಲ್ ಒಂದೇ, ಅದು ಎಲ್‌ಡಿಎಲ್.

ಪಿಸಿಎಸ್‌ಕೆ9 ತಡೆಯುವ ಇಂಜೆಕ್ಷನ್‌ಗಳಿಗೆ 2015ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. 27,564 ರೋಗಿಗಳ ಪ್ರಯೋಗದ ಫಲಿತಾಂಶ 2017ರಲ್ಲಿ ಬಂತು. ಸ್ಟ್ಯಾಟಿನ್ ಜೊತೆಗೆ ಇದನ್ನೂ ಕೊಟ್ಟಾಗ ಹೃದಯಾಘಾತ, ಲಕ್ವಾದಂಥ ಘಟನೆಗಳು ಒಟ್ಟಾರೆ ಶೇ 15 ಕಡಿಮೆಯಾದವು. ಜೀನ್ ತೋರಿಸಿದ ದಾರಿಯಲ್ಲೇ ಔಷಧ ನಡೆದಿತ್ತು.

ಈಗ ‘ಒಳ್ಳೆ ಕೊಲೆಸ್ಟ್ರಾಲ್’ ಕಥೆ. ಎಚ್‌ಡಿಎಲ್ ಹೆಚ್ಚಿದ್ದವರಿಗೆ ಹೃದಯಾಘಾತ ಕಡಿಮೆ, ಇದು ನೂರಾರು ಸಮೀಕ್ಷೆಗಳಲ್ಲಿ ಕಂಡದ್ದು. ಹಾಗಾಗಿ ಎಚ್‌ಡಿಎಲ್ ಏರಿಸಿದರೆ ಸಾಕು ಎಂದು ಕಂಪನಿಗಳು ಕೋಟಿಗಟ್ಟಲೆ ಸುರಿದವು. ಟಾರ್ಸೆಟ್ರಾಪಿಬ್ ಎಂಬ ಔಷಧ ಎಚ್‌ಡಿಎಲ್ ಅನ್ನು ಭರ್ಜರಿಯಾಗಿ ಏರಿಸಿತು, ಜೊತೆಗೆ ಸಾವುಗಳೂ ಹೆಚ್ಚಾದವು. 2006ರ ಡಿಸೆಂಬರಿನಲ್ಲಿ ಪ್ರಯೋಗ ನಿಲ್ಲಿಸಬೇಕಾಯಿತು. 2012ರಲ್ಲಿ ಬಂದ ದೊಡ್ಡ ಮೆಂಡೆಲ್ ಚೀಟಿ ಅಧ್ಯಯನ ಒಂದು ಜೀನಿನಿಂದಾಗಿ ಹುಟ್ಟಾ ಎಚ್‌ಡಿಎಲ್ ಹೆಚ್ಚಿರುವವರನ್ನು ನೋಡಿತು. ಅವರಿಗೆ ಹೃದಯಾಘಾತ ಶೇ 13ರಷ್ಟು ಕಡಿಮೆ ಆಗಬೇಕಿತ್ತು. ಆಗಿರಲಿಲ್ಲ. ಎಚ್‌ಡಿಎಲ್ ಆರೋಗ್ಯದ ಗುರುತಾಗಿರಬಹುದು, ಅದನ್ನು ಮಾತ್ರ ಮೇಲೆತ್ತಿದರೆ ಲಾಭವಿಲ್ಲ. ‘ಈ ಕಷಾಯ ಕುಡಿದರೆ ಎಚ್‌ಡಿಎಲ್ ಏರುತ್ತದೆ’ ಎಂಬ ಫಾರ್ವರ್ಡ್ ಬಂದಾಗ, ಏರಿತು ಎಂದೇ ಇಟ್ಟುಕೊಳ್ಳಿ, ಏರಿದರೆ ಏನಾಯಿತು ಎಂಬುದು ಮುಂದಿನ ಪ್ರಶ್ನೆ.

‘ದಿನಕ್ಕೊಂದು ಪೆಗ್ ಒಳ್ಳೇದು’

ಈ ಮಾತಿಗೂ ಸಮೀಕ್ಷೆಗಳ ಬೆಂಬಲ ಇತ್ತು. ಸ್ವಲ್ಪ ಕುಡಿಯುವವರು, ಏನೂ ಕುಡಿಯದವರಿಗಿಂತ ಆರೋಗ್ಯವಾಗಿ ಕಾಣುತ್ತಿದ್ದರು. ಆದರೆ ‘ಕುಡಿಯದವರು’ ಎಂಬ ಗುಂಪಿನಲ್ಲಿ ಲಿವರ್ ಕೆಟ್ಟು, ಬಿಪಿ ಏರಿ, ಡಾಕ್ಟರ್ ಬೈದ ಮೇಲೆ ಬಿಟ್ಟವರೂ ಸೇರಿರುತ್ತಾರಲ್ಲ.

ಚೀನಾದಲ್ಲಿ ಇದನ್ನು ಬಿಡಿಸಿ ನೋಡಲು ಒಂದು ಅನುಕೂಲ ಇತ್ತು. ಪೂರ್ವ ಏಷ್ಯಾದ ಅನೇಕರಲ್ಲಿ ಮದ್ಯವನ್ನು ಅರಗಿಸುವ ಜೀನು ದುರ್ಬಲ. ಒಂದು ಗುಟುಕಿಗೇ ಮುಖ ಕೆಂಪಾಗುತ್ತದೆ, ಎದೆ ಬಡಿದುಕೊಳ್ಳುತ್ತದೆ, ವಾಕರಿಕೆ ಬರುತ್ತದೆ. ಅಂಥವರು ತಾವಾಗಿಯೇ ಕಡಿಮೆ ಕುಡಿಯುತ್ತಾರೆ. ಐದು ಲಕ್ಷಕ್ಕೂ ಹೆಚ್ಚು ಜನರನ್ನು ಸುಮಾರು ಹತ್ತು ವರ್ಷ ಹಿಂಬಾಲಿಸಿದ ಅಧ್ಯಯನ 2019ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂತು. ಕುಡಿತದ ಬಗ್ಗೆ ಜನರೇ ಹೇಳಿದ್ದನ್ನು ನಂಬಿ ಲೆಕ್ಕ ಹಾಕಿದಾಗ ಹಳೆಯ ಕಥೆಯೇ ಬಂತು, ಸ್ವಲ್ಪ ಕುಡಿದವರಿಗೆ ಲಕ್ವಾ ಕಡಿಮೆ. ಜೀನಿನ ಪ್ರಕಾರ ಲೆಕ್ಕ ಹಾಕಿದಾಗ ಆ ಲಾಭ ಮಾಯವಾಯಿತು. ಕುಡಿತ ಹೆಚ್ಚಿದಷ್ಟೂ ಬಿಪಿ ಹೆಚ್ಚು, ಲಕ್ವಾ ಹೆಚ್ಚು. ದಿನಕ್ಕೆ ನಾಲ್ಕು ಡ್ರಿಂಕ್‌ಗೆ ಲಕ್ವಾ ಅಪಾಯ ಸುಮಾರು ಮೂರನೇ ಒಂದು ಪಾಲು ಏರುತ್ತಿತ್ತು. ಹೃದಯಾಘಾತದ ವಿಷಯದಲ್ಲಿ ಸ್ಪಷ್ಟ ಲಾಭವೂ ಕಾಣಲಿಲ್ಲ, ಸ್ಪಷ್ಟ ಹಾನಿಯೂ ಕಾಣಲಿಲ್ಲ.

ನನಗೆ ಈ ಅಧ್ಯಯನದಲ್ಲಿ ತುಂಬ ಹಿಡಿಸಿದ್ದು ಹೆಂಗಸರ ಲೆಕ್ಕ. ಆ ಜೀನು ಮದ್ಯದ ಮೂಲಕವಲ್ಲದೆ ನೇರವಾಗಿಯೇ ಲಕ್ವಾ ತರುತ್ತಿದ್ದರೆ? ಅಲ್ಲಿನ ಹೆಂಗಸರಲ್ಲಿ ಕುಡಿಯುವವರು ಬಹಳ ವಿರಳ, ಜೀನು ಮಾತ್ರ ಗಂಡಸರದ್ದೇ. ನೋಡಿದರೆ ಹೆಂಗಸರಲ್ಲಿ ಆ ಜೀನಿಗೂ ಬಿಪಿಗೂ ಲಕ್ವಾಕ್ಕೂ ಸಂಬಂಧವೇ ಕಾಣಲಿಲ್ಲ. ಅಂದರೆ ಜೀನು ನಿರಪರಾಧಿ, ತಪ್ಪು ಬಾಟಲಿಯದೇ.

ಮೈಸೂರಿನ ತಾಯಂದಿರು

ಇದೆಲ್ಲ ಅಮೆರಿಕ, ಚೀನಾದ ಮಾತಾಯಿತು. ಕರ್ನಾಟಕದಲ್ಲೂ ಈ ಚೀಟಿ ಎತ್ತಿ ನೋಡಿದ್ದಾರೆ, ಅದೂ ಗರ್ಭಿಣಿಯರ ವಿಷಯದಲ್ಲಿ.

ಮೈಸೂರಿನಲ್ಲಿ ಮಿಷನ್ ಆಸ್ಪತ್ರೆ ಎಂದೇ ಜನ ಕರೆಯುವ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆ ಇದೆ. 1997–98ರಲ್ಲಿ ಅಲ್ಲಿಗೆ ಬಂದ ಗರ್ಭಿಣಿಯರನ್ನು ಸೇರಿಸಿಕೊಂಡು ‘ಪಾರ್ಥೆನಾನ್ ಅಧ್ಯಯನ’ ಶುರುವಾಯಿತು. ಹುಟ್ಟಿದ ಮಕ್ಕಳನ್ನು ಇಂದಿಗೂ ಮರೆಯದ ಅಪರೂಪದ ಅಧ್ಯಯನ ಅದು. ಜಿ.ವಿ. ಕೃಷ್ಣವೇಣಿ ಮತ್ತು ಬ್ರಿಟನ್ನಿನ ಕ್ಯಾರೊಲಿನ್ ಫಾಲ್ ಅದರ ಮುಖ್ಯ ಸಂಶೋಧಕರು. ಆ ತಾಯಂದಿರ ರಕ್ತ ಪರೀಕ್ಷೆಯಲ್ಲಿ ಒಂದು ಅಂಶ ಎದ್ದು ಕಂಡಿತ್ತು: ನೂರಕ್ಕೆ ಸುಮಾರು 43 ಮಂದಿಗೆ ವಿಟಮಿನ್ ಬಿ12 ಕಡಿಮೆ.

ಬಿ12 ಅಥವಾ ಫೋಲೇಟ್ ಎಂಬ ಇನ್ನೊಂದು ವಿಟಮಿನ್ ಕಡಿಮೆಯಾದರೆ ರಕ್ತದಲ್ಲಿ ಹೋಮೋಸಿಸ್ಟೀನ್ ಎಂಬ ವಸ್ತು ಏರುತ್ತದೆ. ಅದು ಹೆಚ್ಚಿದ್ದ ತಾಯಂದಿರಿಗೆ ಹುಟ್ಟುವ ಮಕ್ಕಳ ತೂಕ ಕಡಿಮೆ ಎಂದು ಗೊತ್ತಿತ್ತು. ಆದರೆ ಮತ್ತೆ ರೊಟ್ಟಿ, ದುಡಿಮೆಯ ಗಂಟು. ಬಡತನ ಇದ್ದಲ್ಲಿ ಸೊಪ್ಪು, ಹಾಲು ಕಡಿಮೆ, ಕೆಲಸ ಹೆಚ್ಚು, ವಿಶ್ರಾಂತಿ ಇಲ್ಲ. ಮಗುವಿನ ತೂಕ ಇಳಿಸಿದ್ದು ಹೋಮೋಸಿಸ್ಟೀನೋ ಬಡತನವೋ?

ಪುಣೆಯ ಕೆಇಎಂ ಆಸ್ಪತ್ರೆಯ ಚಿತ್ತರಂಜನ್ ಯಾಜ್ಞಿಕ್, ಹೈದರಾಬಾದಿನ ಸಿಸಿಎಂಬಿ ಸಂಸ್ಥೆಯ ಗಿರಿರಾಜ್ ಚಾಂಡಕ್ ಮತ್ತು ಮೈಸೂರಿನ ತಂಡ ಸೇರಿ ಇದಕ್ಕೆ ಮೆಂಡೆಲ್ ಚೀಟಿ ಬಳಸಿದರು. ಪುಣೆ ಬಳಿಯ ಹಳ್ಳಿಗಳ 526 ತಾಯಂದಿರು, ಮೈಸೂರಿನ 545 ತಾಯಂದಿರು. ಅವರು ನೋಡಿದ್ದು ಎಂಟಿಎಚ್‌ಎಫ್‌ಆರ್ ಎಂಬ ಜೀನು. ಇದರ ಒಂದು ಬಗೆ ಇದ್ದರೆ ದೇಹ ಫೋಲೇಟನ್ನು ನಿಧಾನವಾಗಿ ಬಳಸುತ್ತದೆ, ಹೋಮೋಸಿಸ್ಟೀನ್ ಸ್ವಲ್ಪ ಏರುತ್ತದೆ. ಆ ಬಗೆ ಬಡವರ ಮನೆ, ಸಾಹುಕಾರರ ಮನೆ ಎಂದು ನೋಡಿ ಬರುವುದಿಲ್ಲ.

2014ರಲ್ಲಿ ಪ್ರಕಟವಾದ ಫಲಿತಾಂಶ: ಆ ಬಗೆ ಇರುವ ತಾಯಂದಿರ ಹೋಮೋಸಿಸ್ಟೀನ್ ಹೆಚ್ಚಿತ್ತು, ಮಕ್ಕಳ ಹುಟ್ಟುತೂಕ ಕಡಿಮೆ ಇತ್ತು. ಆ ಬಗೆಯ ಒಂದು ಪ್ರತಿಗೆ 50 ಗ್ರಾಂಗಿಂತ ಸ್ವಲ್ಪ ಕಡಿಮೆ ವ್ಯತ್ಯಾಸ. ಇಲ್ಲೊಂದು ತೊಡಕಿದೆ. ತಾಯಿಯ ಜೀನು ಮಗುವಿಗೂ ಹೋಗಿರಬಹುದು, ಆಗ ತೂಕ ಇಳಿಸಿದ್ದು ಮಗುವಿನದೇ ಜೀನಾಗಿರಬಹುದು. ತಂಡ ಮಕ್ಕಳ ಜೀನನ್ನೂ ಪರೀಕ್ಷಿಸಿ ಆ ಪಾಲನ್ನು ಲೆಕ್ಕದಿಂದ ಬೇರ್ಪಡಿಸಿತು. ಆದರೂ ತಾಯಿಯ ಜೀನಿನ ಪರಿಣಾಮ ಉಳಿಯಿತು. ಅಂದರೆ ಗರ್ಭದೊಳಗಿನ ವಾತಾವರಣವೇ ಮಗುವಿನ ತೂಕವನ್ನು ತಟ್ಟುತ್ತಿದೆ ಎಂಬ ಕಡೆಗೆ ಬೆರಳು.

50 ಗ್ರಾಂ ಎಂದರೆ ಒಂದು ಲಿಂಬೆಹಣ್ಣಿನ ತೂಕ. ಒಂದು ಮಗುವಿಗೆ ಅದು ದೊಡ್ಡದಲ್ಲ. ಆದರೆ ಜೀನು ಹೋಮೋಸಿಸ್ಟೀನನ್ನು ಏರಿಸುವುದು ತುಸುವೇ, ಬಿ12 ಕೊರತೆ ಅದಕ್ಕಿಂತ ಹೆಚ್ಚು ಏರಿಸಬಲ್ಲದು. ಆ ಕೊರತೆಯೋ ನಮ್ಮಲ್ಲಿ ಸಾಮಾನ್ಯ. ಬಿ12 ಜೋಳದಲ್ಲಿಲ್ಲ, ಬೇಳೆಯಲ್ಲಿಲ್ಲ, ಸೊಪ್ಪಿನಲ್ಲಿಲ್ಲ. ಹಾಲು, ಮೊಸರು, ತತ್ತಿ, ಮಾಂಸ, ಮೀನಿನಲ್ಲಿದೆ. ಮಾಂಸ, ತತ್ತಿ ಮುಟ್ಟದ ಮನೆಗಳಲ್ಲಿ, ಇರುವ ಹಾಲೂ ಡೇರಿಗೆ ಹೋಗಿ ಬಸುರಿಗೆ ಬರೀ ಚಹಾದ ಹಾಲು ಉಳಿದರೆ, ಈ ಅಧ್ಯಯನ ಆ ಮನೆಯ ಮಾತೇ ಆಗುತ್ತದೆ.

ಇದನ್ನು ಓದಿ ಯಾರೂ ಎಂಟಿಎಚ್‌ಎಫ್‌ಆರ್ ಪರೀಕ್ಷೆಗೆ ದುಡ್ಡು ಸುರಿಯಬೇಕಿಲ್ಲ. ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣಾಂಶ–ಫೋಲಿಕ್ ಆಮ್ಲದ ಗುಳಿಗೆ ತಪ್ಪಿಸಬೇಡಿ. ಹಾಲು, ಮೊಸರು ಮನೆಯ ಬಸುರಿಗೆ ಮೊದಲು ಸಿಗಲಿ. ಬಿ12 ಬೇರೆಯಾಗಿ ಬೇಕೇ ಎಂದು ಡಾಕ್ಟರನ್ನು ಕೇಳಿ.

ಚೀಟಿ ಡಬ್ಬಿಯಲ್ಲೇ ದೋಷವಿದ್ದರೆ

ಸಾವಿರ ಚಿಲ್ಲರೆ ತಾಯಂದಿರು ಇಂಥ ಅಧ್ಯಯನಕ್ಕೆ ಕಡಿಮೆ ಸಂಖ್ಯೆ ಎನ್ನುವುದನ್ನೂ ಹೇಳಬೇಕು. ಇದೇ ಹೋಮೋಸಿಸ್ಟೀನ್ ಹೃದಯಾಘಾತಕ್ಕೂ ಕಾರಣ ಎಂದು ಒಂದು ಕಾಲದಲ್ಲಿ ಬಲವಾಗಿ ನಂಬಿದ್ದರು, ಇದೇ ಜೀನಿನ ಮೊದಲ ಅಧ್ಯಯನಗಳೂ ಹೌದೌದು ಎಂದಿದ್ದವು. 2006ರಲ್ಲಿ ಎರಡು ದೊಡ್ಡ ಚೀಟಿ ಪ್ರಯೋಗಗಳ ಫಲಿತಾಂಶ ಬಂತು. ಬಿ ವಿಟಮಿನ್‌ಗಳಿಂದ ಹೋಮೋಸಿಸ್ಟೀನ್ ಇಳಿಯಿತು, ಹೃದಯಾಘಾತ ಇಳಿಯಲಿಲ್ಲ. ಮೆಂಡೆಲ್ ಚೀಟಿಯೂ ತಪ್ಪು ದಾರಿ ತೋರಿಸಬಹುದು. ಒಂದೇ ಜೀನು ನಾಲ್ಕು ಕೆಲಸ ಮಾಡುತ್ತಿದ್ದರೆ ಯಾವ ಕೆಲಸದಿಂದ ಕಾಯಿಲೆ ಬಂತೆಂದು ಹೇಳುವುದು ಕಷ್ಟ. ಈಚೆಗೆ ಕಂಪ್ಯೂಟರಿನಲ್ಲಿ ಸಿಗುವ ಸಿದ್ಧ ಮಾಹಿತಿ ಬಳಸಿ ಇಂಥ ಪ್ರಬಂಧಗಳನ್ನು ರಾಶಿರಾಶಿ ಹೊರಡಿಸುವ ಚಾಳಿಯೂ ಬಂದಿದೆ. ಆದ್ದರಿಂದ ‘ಜೀನ್ ಸಂಶೋಧನೆಯಿಂದ ಸಾಬೀತು’ ಎಂಬ ತಲೆಬರಹ ಕಂಡಾಕ್ಷಣ ಕೈ ಮುಗಿಯಬೇಕಾಗಿಲ್ಲ.

ನಮ್ಮ ಕಡೆಗೆ ಇನ್ನೊಂದು ವಿಶೇಷ ತೊಡಕು: ಮದುವೆ. ನಮ್ಮಲ್ಲಿ ಮದುವೆ ಸಮುದಾಯದೊಳಗೇ ನಡೆಯುತ್ತದೆ. ಅಕ್ಕನ ಮಗಳನ್ನು, ಸೋದರಮಾವನ ಮಗಳನ್ನು ತರುವುದು ಇನ್ನೂ ನಿಂತಿಲ್ಲ. ನೂರಾರು ವರ್ಷ ಹೀಗೆ ನಡೆದಾಗ ಒಂದೊಂದು ಸಮುದಾಯದ ಚೀಟಿ ಡಬ್ಬಿಯೂ ಬೇರೆ ಬೇರೆಯಾಗುತ್ತದೆ. ಹೈದರಾಬಾದಿನ ಸಿಸಿಎಂಬಿ ಮತ್ತು ಹಾರ್ವರ್ಡ್ ವಿಜ್ಞಾನಿಗಳು 2017ರಲ್ಲಿ ದಕ್ಷಿಣ ಏಷ್ಯಾದ 263 ಗುಂಪುಗಳನ್ನು ನೋಡಿ, ಅವುಗಳಲ್ಲಿ 81 ಗುಂಪುಗಳು ಬಹಳ ಕೆಲವೇ ಪೂರ್ವಜರಿಂದ ಬೆಳೆದ ಗುರುತು ಹೊತ್ತಿವೆ ಎಂದು ತೋರಿಸಿದರು. ಈಗ ಒಂದು ಸಮುದಾಯದಲ್ಲಿ ಯಾವುದೋ ಜೀನಿನ ಬಗೆ ಹೆಚ್ಚು, ಅವರ ಊಟವೂ ಬೇರೆ, ಜಮೀನೂ ಹೆಚ್ಚು ಎಂದುಕೊಳ್ಳಿ. ಇನ್ನೊಂದರಲ್ಲಿ ಮೂರೂ ಬೇರೆ. ಇಬ್ಬರನ್ನೂ ಒಟ್ಟಿಗೆ ಹಾಕಿ ಲೆಕ್ಕ ಮಾಡಿದರೆ ಊಟದ, ಜಮೀನಿನ ಪರಿಣಾಮವೆಲ್ಲ ಜೀನಿನ ಹೆಸರಿಗೆ ಬೀಳುತ್ತದೆ. ಹಳೆಯ ಗಂಟು ಹಿಂಬಾಗಿಲಿನಿಂದ ಒಳಗೆ ಬಂತು.

ಇದಕ್ಕೆ ಒಂದು ಚೆಂದದ ಪರಿಹಾರ ಇದೆ: ಒಂದೇ ತಾಯಿ–ತಂದೆಯ ಮಕ್ಕಳನ್ನು ಹೋಲಿಸುವುದು. ಅಣ್ಣನಿಗೂ ತಂಗಿಗೂ ಮನೆ ಒಂದೇ, ಜಾತಿ ಒಂದೇ, ಡಬ್ಬಿ ಒಂದೇ, ಬಿದ್ದ ಚೀಟಿ ಮಾತ್ರ ಬೇರೆ. ನಿಜವಾದ ಅರ್ಥದಲ್ಲಿ ಚೀಟಿ ಎತ್ತುವುದು ನಡೆಯುವುದು ಅಲ್ಲೇ. 2022ರಲ್ಲಿ 1,78,086 ಒಡಹುಟ್ಟಿದವರ ಮಾಹಿತಿ ಕೂಡಿಸಿ ಮಾಡಿದ ಅಧ್ಯಯನವೊಂದು, ಹೊರಗಿನವರನ್ನು ಹೋಲಿಸಿದಾಗ ಕಾಣುವ ಕೆಲವು ಜೀನ್ ಪರಿಣಾಮಗಳು ಒಡಹುಟ್ಟಿದವರ ನಡುವೆ ಕುಗ್ಗುತ್ತವೆ ಎಂದು ತೋರಿಸಿತು.

ಜಗತ್ತಿನ ಜೀನ್ ಮಾಹಿತಿಯ ಬಹುಪಾಲು ಯುರೋಪ್ ಮೂಲದವರದ್ದು ಎಂಬುದೂ ನೆನಪಿರಲಿ. ಪಿಸಿಎಸ್‌ಕೆ9 ಕಥೆಯಲ್ಲಿ ಅಷ್ಟು ಸ್ಪಷ್ಟ ಉತ್ತರ ಸಿಕ್ಕಿದ್ದೇ ಕಪ್ಪು ಜನರನ್ನೂ ನೋಡಿದ್ದರಿಂದ. ಆ ಕೆಟ್ಟ ಪ್ರತಿಗಳು ಬಿಳಿಯರಲ್ಲಿ ಬಹಳ ಅಪರೂಪ. ನಮ್ಮವರ ಡಬ್ಬಿಯಲ್ಲಿ ಏನಿದೆ ಎಂದು ನೋಡುವ ಕೆಲಸ ಈಗ ಶುರುವಾಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಸೆಂಟರ್ ಫಾರ್ ಬ್ರೈನ್ ರಿಸರ್ಚ್ ಮುಂದಾಳತ್ವದ ‘ಜೀನೋಮ್ ಇಂಡಿಯಾ’ ಯೋಜನೆ 2020ರಲ್ಲಿ ಆರಂಭವಾಯಿತು. ದೇಶದ ಎಂಬತ್ತಕ್ಕೂ ಹೆಚ್ಚು ಸಮುದಾಯಗಳ 10,000 ಜನರ ಪೂರ್ತಿ ಜೀನ್ ಮಾಹಿತಿಯನ್ನು 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆದಿಟ್ಟಿತು.

ಕಾಕಾನ ಎರಡನೇ ಪ್ರಶ್ನೆ

ಇಷ್ಟನ್ನೂ ಫೋನಿನಲ್ಲಿ ಹೇಳಿ ಮುಗಿಸಿದಾಗ ಕಾಕಾ ಕೇಳಿದ್ದು: “ಹಂಗಾರ ನಂದೂ ಆ ಜೀನ್ ಟೆಸ್ಟ್ ಮಾಡಿಸ್ಲೇನು?” ಬೇಡ. ಮೆಂಡೆಲ್ ಚೀಟಿ ಸಾವಿರಾರು ಜನರ ಗುಂಪಿನಲ್ಲಿ ಕಾರಣ ಯಾವುದು ಎಂದು ಹೇಳುತ್ತದೆ, ಒಬ್ಬ ಕಾಕಾನಿಗೆ ಮುಂದೆ ಏನಾಗುತ್ತದೆ ಎಂದು ಹೇಳುವುದಿಲ್ಲ. ಅವರಿಗೆ ಬೇಕಾದದ್ದು ಸರಕಾರಿ ದವಾಖಾನೆಯಲ್ಲೋ ಹತ್ತಿರದ ಲ್ಯಾಬಿನಲ್ಲೋ ಆಗುವ ಮಾಮೂಲಿ ರಕ್ತ ಪರೀಕ್ಷೆ, ಬಿಪಿ, ಶುಗರ್ ನೋಡಿಸಿಕೊಳ್ಳುವುದು, ಮತ್ತು ಬೀಡಿ ಬಿಡುವುದು. ಮನೆಯಲ್ಲಿ ಚಿಕ್ಕ ವಯಸ್ಸಿಗೇ ಹೃದಯಾಘಾತ ಆದವರಿದ್ದು, ಎಲ್‌ಡಿಎಲ್ ಕೂಡ ವಿಪರೀತ ಇದ್ದರೆ ಮಾತ್ರ ಡಾಕ್ಟರೇ ಜೀನ್ ಪರೀಕ್ಷೆಯ ಮಾತು ಎತ್ತಬಹುದು. ಗುಳಿಗೆಯಿಂದ ಮೈಕೈ ನೋವು ಬಂದಿದ್ದರೆ ಅದನ್ನೂ ಅವರಿಗೇ ಹೇಳಬೇಕು. ಗುಳಿಗೆಯ ಪ್ರಮಾಣವನ್ನೋ ಗುಳಿಗೆಯನ್ನೋ ಬದಲಿಸಲು ಬರುತ್ತದೆ.

“ಮತ್ತ ತತ್ತಿ?” ಎಂದರು. ಹೆಚ್ಚಿನವರಿಗೆ ದಿನಕ್ಕೊಂದು ತತ್ತಿಯಿಂದ ರಕ್ತದ ಕೊಲೆಸ್ಟ್ರಾಲ್ ಹೆಚ್ಚೇನೂ ಏರುವುದಿಲ್ಲ. ಶುಗರ್ ಇದ್ದವರು, ಎಲ್‌ಡಿಎಲ್ ತುಂಬ ಹೆಚ್ಚಿರುವವರು ಡಾಕ್ಟರನ್ನು ಕೇಳಿಕೊಳ್ಳಬೇಕು. ಫಾರ್ವರ್ಡ್‌ನಲ್ಲಿದ್ದ ಆ ಒಂದು ನಿಜದ ಎಳೆ ಇದೇ ಆಗಿತ್ತು. ಕಾಕಾ ಗುಳಿಗೆ ಬಿಟ್ಟಿಲ್ಲ.